ಗೇಮ್ ಅಂದಾಗ ಬಾರದವರು ಕೂಟ ಅಂದಾಗ ಬಂದರು

ಇಪ್ಪತ್ತು ಮುಖದ ದಾಳವನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಸ್ಟುಟ್‌ಗಾರ್ಟ್‌ನಲ್ಲಿ, 2014ರ ಚಳಿಗಾಲದಲ್ಲಿ. ಆಫೀಸಿನವರೊಬ್ಬರು ಶುಕ್ರವಾರ ಸಂಜೆ ಮನೆಗೆ ಕರೆದಿದ್ದರು. ಹೋಗಿ ನೋಡಿದರೆ ಐದು ಜನ ಹಾಳೆ, ಪೆನ್ಸಿಲ್ಲು ಇಟ್ಟುಕೊಂಡು ಮೇಜಿನ ಸುತ್ತ ಕೂತಿದ್ದಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರಿಗೆ ಒಂದೊಂದು ಪಾತ್ರ. "ಬಾಗಿಲು ಮುಚ್ಚಿದೆ. ಒಳಗೆ ಯಾರೋ ಅಳುತ್ತಿದ್ದಾರೆ. ಏನು ಮಾಡ್ತೀರಿ?" ಅಂದರೆ ಪಾತ್ರವಾಗಿಯೇ ಉತ್ತರ ಕೊಡಬೇಕು. ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕಬೇಕು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅನ್ನುವುದು ಇದಕ್ಕೇ.

ಜರ್ಮನಿಯಲ್ಲಿ ಇದನ್ನು ಯಾರೂ ವಿಚಿತ್ರ ಅಂದುಕೊಳ್ಳುವುದಿಲ್ಲ. ಅವರದೇ ಆಟ 'ದಾಸ್ ಶ್ವಾರ್ಜೆ ಆವ್ಗೆ' 1984ರಲ್ಲೇ ಬಂದಿದೆ. ನಮ್ಮ ಮೇಜಿನಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದರು. ಆಗ ಕೊಂಡ ಪೆಟ್ಟಿಗೆಯನ್ನು ಅವರು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದರು. ಈ ಗುಂಪಿಗೆ ಅವರು 'ರುಂಡೆ' ಅನ್ನುತ್ತಾರೆ, ಸುತ್ತ ಕೂತವರು ಎಂಬ ಅರ್ಥದಲ್ಲಿ. ಏಳಕ್ಕೆ ಶುರು ಅಂದರೆ ಏಳಕ್ಕೇ ಶುರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ.

ಅದೇ ಮೇಜಿಗೆ ಅಮೆರಿಕದಲ್ಲಿ ಬೆಳೆದ ಗೆಳೆಯನೊಬ್ಬ ಬರುತ್ತಿದ್ದ. ಚಿಕ್ಕವನಿದ್ದಾಗ ಆಟದ ಪುಸ್ತಕಗಳನ್ನು ಹಾಸಿಗೆಯಡಿ ಬಚ್ಚಿಡುತ್ತಿದ್ದನಂತೆ. 'ಡಂಜನ್ಸ್ ಅಂಡ್ ಡ್ರಾಗನ್ಸ್' 1974ರಲ್ಲಿ ಹುಟ್ಟಿದ್ದು ಅಮೆರಿಕದಲ್ಲೇ, ಅದನ್ನು ಸೈತಾನನ ಆಟ ಅಂತ ಹೆದರಿದ್ದೂ ಅಲ್ಲೇ. 1983ರಲ್ಲಿ ಪೆಟ್ರೀಶಿಯಾ ಪುಲ್ಲಿಂಗ್ ಎಂಬ ತಾಯಿ, ಮಗನ ಸಾವಿಗೆ ಈ ಆಟವೇ ಕಾರಣ ಎಂದು ನಂಬಿ ವಿರೋಧಿ ಸಂಘವನ್ನೇ ಕಟ್ಟಿದರು. 1989ರ ಆವೃತ್ತಿಯಲ್ಲಿ ಡೀಮನ್, ಡೆವಿಲ್ ಎಂಬ ಹೆಸರುಗಳನ್ನೇ ತೆಗೆದರು, ಆಮೇಲೆ ಬೇರೆ ಹೆಸರಿಟ್ಟರು. ಅಲ್ಲಿನವರ ಭಯ ದೇವರು-ಸೈತಾನರದ್ದು. ನಮ್ಮೂರಿನ ಭಯ ಬೇರೆ ಅಂತ ನನಗೆ ತಿಳಿದದ್ದು ಮನೆಗೆ ಬಂದ ಮೇಲೆ.

ನಮ್ಮದು ಸಾಗರದ ಹತ್ತಿರದ ಹಳ್ಳಿ. 2018ರ ದೀಪಾವಳಿಗೆ ಊರಿಗೆ ಬಂದವನು ಜಗಲಿಯ ಮೇಲೆ ದಾಳಗಳನ್ನು ಹರಡಿ ಎಲ್ಲರನ್ನೂ ಕರೆದೆ. ಅಪ್ಪ ಹತ್ತಿರವೂ ಬರಲಿಲ್ಲ. "ಅದನ್ನು ಒಳಗಿಡು" ಅಂದರು, ಅಷ್ಟೇ. ಆ ಸಲ ದಾಳಗಳು ಮತ್ತೆ ಹೊರಗೆ ಬರಲಿಲ್ಲ.

ತುಂಬಾ ಬೇಜಾರಾಯಿತು. ಆದರೆ ಅಪ್ಪನಿಗೆ ದಾಳ ಅಂದರೆ ಶಕುನಿ. ದೀಪಾವಳಿಯ ಹೊತ್ತಿನ ದಾಳ ಅಂದರೆ ಇಸ್ಪೀಟಿನ ತಮ್ಮ. ಇಸ್ಪೀಟಿಗೆ ಅಡಿಕೆ ತೋಟ ಕಳೆದುಕೊಂಡವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅದೇ ಅಪ್ಪ ರಾತ್ರಿಯಿಡೀ ಕೂತು ತಾಳಮದ್ದಳೆ ಕೇಳುತ್ತಾರೆ! ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ಆ ಕ್ಷಣಕ್ಕೆ ಹೊಳೆದ ಮಾತಾಡುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಮಾತನ್ನು ನೆನೆಸಿಕೊಂಡರೆ ಅಪ್ಪನ ಮುಖ ಈಗಲೂ ಅರಳುತ್ತದೆ. ಸ್ಟುಟ್‌ಗಾರ್ಟ್‌ನ ಮೇಜಿಗೆ ಇದಕ್ಕಿಂತ ಹತ್ತಿರದ ನೆಂಟ ಬೇಕಾ?

ನಮ್ಮ ಕಡೆ 'ಆಟ' ಅಂದರೆ ಯಕ್ಷಗಾನ, 'ಕೂಟ' ಅಂದರೆ ತಾಳಮದ್ದಳೆ. ಮರುವರ್ಷ ನಾನು ಗೇಮ್ ಅನ್ನಲಿಲ್ಲ. "ರಾತ್ರಿ ಊಟವಾದ ಮೇಲೆ ಸಣ್ಣದೊಂದು ಕೂಟ ಮಾಡೋಣ, ಪ್ರಸಂಗ ಹೊಸದು" ಅಂದೆ. ದೊಡ್ಡಪ್ಪ ಶಾಲು ಹೊದ್ದು ಮೊದಲೇ ಬಂದು ಕೂತರು.

ಡ್ರಾಗನ್ ಬಿಟ್ಟು ಕೆಳದಿಗೆ ಬಂದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮ ಆಶ್ರಯ ಕೊಟ್ಟಳು, ಮೊಗಲರ ಸೈನ್ಯ ಬೆನ್ನು ಹತ್ತಿತ್ತು. ಆ ಅತಿಥಿಯನ್ನು ಗುಟ್ಟಾಗಿ ಕಾಡು ದಾಟಿಸಬೇಕು, ಇದೇ ನಮ್ಮ ಪ್ರಸಂಗ.

ದಾಳದ ಬದಲು ಚೌಕಾಬಾರದ ನಾಲ್ಕು ಕವಡೆ ತಂದೆ. ಕವಡೆಯನ್ನು ನಮ್ಮನೆಯಲ್ಲಿ ಯಾರೂ ಜೂಜು ಅನ್ನುವುದಿಲ್ಲ, ಅದು ಅಜ್ಜಿಯ ಡಬ್ಬಿಯದ್ದು. ಸಾಧಾರಣ ಕೆಲಸಕ್ಕೆ ಎರಡು ಕವಡೆ ಬಾಯಿ ಮೇಲಾಗಿ ಬೀಳಬೇಕು, ಕಷ್ಟದ್ದಕ್ಕೆ ಮೂರು. ನಾಲ್ಕೂ ಬೋರಲು ಬಿದ್ದರೆ ಚೌಕಾಬಾರದ ಹಾಗೇ ಎಂಟು. ಅದು ಬಿದ್ದರೆ ಕೇಳಿದ್ದಕ್ಕಿಂತ ಜಾಸ್ತಿ ಕೈಗೂಡುತ್ತದೆ. ಎರಡು ಕಡೆಗೂ ಸಮನಾಗಿ ಬೀಳುತ್ತವೆ ಅಂತ ಹಿಡಿದರೆ ಹದಿನಾರರಲ್ಲಿ ಹನ್ನೊಂದು ಸಲ ಎರಡೋ ಅದಕ್ಕಿಂತ ಜಾಸ್ತಿಯೋ ಬರಬೇಕು, ಮೂರಕ್ಕಾದರೆ ಐದು ಸಲ. ನಿಜವಾದ ಕವಡೆ ಇಷ್ಟು ಸರಿಯಾಗಿ ನಡೆಯುವುದಿಲ್ಲ. ನಮ್ಮ ಡಬ್ಬಿಯವು ಬೋರಲು ಬೀಳುವುದೇ ಜಾಸ್ತಿ, ಹಾಗಾಗಿ ಎಂಟು ಮತ್ತೆ ಮತ್ತೆ ಬರುತ್ತದೆ. ನಾನು ಅದನ್ನು ಸರಿಮಾಡಲು ಹೋಗಲಿಲ್ಲ. ಎಂಟು ಬಿದ್ದಾಗ ಜಗಲಿಯಲ್ಲಿ ಏಳುವ ಕೂಗು ನನಗೆ ಬೇಕಿತ್ತು.

ಮೊದಲ ರಾತ್ರಿಯೇ ಒಂದು ಘಟನೆ ಆಯಿತು. ದೊಡ್ಡಪ್ಪ ಕೋಟೆಯ ಕಾವಲುಗಾರ, ಅಣ್ಣನ ಹನ್ನೆರಡು ವರ್ಷದ ಮಗ ರಾಣಿಯ ದೂತ. ಹುಡುಗ ಎದ್ದು ನಿಂತು, "ಏಯ್ ಕಾವಲುಗಾರ, ಬಾಗಿಲು ತೆಗಿ! ರಾಣಿಯ ಆಜ್ಞೆ!" ಅಂದುಬಿಟ್ಟ. ಎಲ್ಲರೂ ಗಪ್‌ಚಿಪ್. "ಅಜ್ಜನಿಗೆ ಹಾಗನ್ನೋದೇನೋ?" ಅಂತ ಅತ್ತಿಗೆ ಗದರಿದರು. ದೊಡ್ಡಪ್ಪ ಕೈ ಎತ್ತಿ ತಡೆದರು. "ಸುಮ್ನಿರು ಮಾರಾಯ್ತಿ. ಮಾತಾಡಿದ್ದು ಅವನಲ್ಲ, ಪಾತ್ರ." ಆಮೇಲೆ ಹುಡುಗನ ಕಡೆ ತಿರುಗಿ, "ಆಜ್ಞೆ ಅಂದೆಯಲ್ಲ, ಮುದ್ರೆ ಎಲ್ಲಿ?" ಇಪ್ಪತ್ತು ನಿಮಿಷ ವಾದ ನಡೆಯಿತು. ಸ್ಟುಟ್‌ಗಾರ್ಟ್‌ನಲ್ಲಿ ಈ ಬಿಕ್ಕಟ್ಟೇ ಬರುವುದಿಲ್ಲ, ಮೇಜಿನಲ್ಲಿ ಕೂತವರೆಲ್ಲ ಒಬ್ಬರಿಗೊಬ್ಬರು ಏಕವಚನದವರೇ. ನಮ್ಮ ಜಗಲಿಯಲ್ಲಿ ಆ ಒಂದು 'ಏಯ್'ಗೆ ಎಷ್ಟು ಧೈರ್ಯ ಬೇಕು ನೋಡಿ. ಆ ಧೈರ್ಯಕ್ಕೆ ಜಾಗ ಮಾಡಿಕೊಟ್ಟದ್ದು ದೊಡ್ಡಪ್ಪ ಐವತ್ತು ವರ್ಷ ಕೇಳಿದ ತಾಳಮದ್ದಳೆ.

ಕೊನೆಗೆ ಹುಡುಗ ಕವಡೆ ಎಸೆಯಲು ಹೋದಾಗ ದೊಡ್ಡಪ್ಪ ನನ್ನನ್ನು ಕೇಳಿದರು: "ಬಾಗಿಲು ತೆಗೆಯುತ್ತೋ ಇಲ್ಲವೋ ನಿನಗೂ ಗೊತ್ತಿಲ್ವಾ?" ಇಲ್ಲ ಅಂದೆ. ಕೂಟದಲ್ಲಿ ವಾಲಿ ವಾದದಲ್ಲಿ ಗೆದ್ದರೂ ಸಾಯಲೇಬೇಕು. ಇಲ್ಲಿ ಹಾಗಲ್ಲ ಎಂಬುದು ಅವರಿಗೆ ತುಂಬಾ ಹಿಡಿಸಿತು.

ಜರ್ಮನ್ ಶಿಸ್ತನ್ನೂ ಬಿಟ್ಟೆ. ನಮ್ಮಲ್ಲಿ ಜನ ಬರುತ್ತಾರೆ, ಹೋಗುತ್ತಾರೆ, ನಡುವೆ ಎಲೆ-ಅಡಿಕೆಯ ಕವಳ ಹಾಕುತ್ತಾರೆ. ಅದಕ್ಕೇ ಒಂದೊಂದು ಸನ್ನಿವೇಶವನ್ನು ಅರ್ಧ ಗಂಟೆಗೆ ಮುಗಿಸುತ್ತೇನೆ. ಅತ್ತಿಗೆ ಅಡುಗೆಮನೆಯಿಂದಲೇ ಸಲಹೆ ಕೂಗುತ್ತಿದ್ದರು. ಅವರಿಗೆ ದಾರಿಯ ಛತ್ರದ ಮುದುಕಿಯ ಪಾತ್ರ ಕೊಟ್ಟೆ, ಅಲ್ಲಿಂದಲೇ ಆಡುತ್ತಾರೆ.

ಅಪ್ಪ ಇವತ್ತಿಗೂ ಕವಡೆ ಮುಟ್ಟಿಲ್ಲ. ಜಗಲಿಯ ಮೇಲೆ ಒಂದು ರೂಪಾಯಿಯೂ ಕಾಣಬಾರದು ಅಂದಿದ್ದಾರೆ, ನಾವು ಪಾಲಿಸುತ್ತೇವೆ. ಆದರೆ ಕಂಬಕ್ಕೆ ಒರಗಿ ಕೊನೆಯವರೆಗೂ ಕೂತಿರುತ್ತಾರೆ.

ಕಳೆದ ಸಲ ಕಥೆ ಕಾಡಿನ ನಡುವೆ, ಹೊಳೆಯ ದಡದಲ್ಲಿ ನಿಂತಿದೆ. ಮೊನ್ನೆ ದೊಡ್ಡಪ್ಪ ಫೋನ್ ಮಾಡಿದ್ದರು. "ಕಾವಲುಗಾರನಿಗೆ ವಯಸ್ಸಾಗಿದೆ ಮಾರಾಯ. ಅವನಿಗೊಂದು ಕುದುರೆ ಕೊಡ್ತೀಯೋ, ಹೊಳೆ ಈಜಿಯೇ ದಾಟಬೇಕೋ?" ಕವಡೆ ಹಾಕಿ ನೋಡೋಣ ಅಂದಿದ್ದೇನೆ.