ಅಟ್ಟದ ಕ್ಯಾಸೆಟ್ಟಿನಿಂದ ಎಂ.ಎ. ತರಗತಿಗೆ: ನನ್ನ ಅನುಭವ

ನಮ್ಮ ಜಿಲ್ಲೆಯ ಮನೆಮನೆಯಲ್ಲಿರುವ ಹಳೆಯ ಯಕ್ಷಗಾನ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿ, ಒಂದೊಂದು ಪದ್ಯವೂ ಹುಡುಕಿದರೆ ಸಿಗುವ ಹಾಗೆ ಪಟ್ಟಿ ಮಾಡುತ್ತಿದ್ದೇನೆ. ಹೋದ ತಿಂಗಳು ಧಾರವಾಡದಿಂದ ಇಬ್ಬರು ಪಿಎಚ್.ಡಿ. ವಿದ್ಯಾರ್ಥಿಗಳು ಬಂದಿದ್ದರು. ಶಿರಸಿಯ ನಮ್ಮನೆ ಜಗಲಿಯಲ್ಲಿ ಕೂತು ಕೇಳಿದ್ದು ಹೀಗೆ: ಮಧ್ಯಮಾವತಿ ರಾಗ, ಅಷ್ಟತಾಳ, 1990ಕ್ಕಿಂತ ಹಿಂದಿನದ್ದು, ವೇಷ ಕಟ್ಟಿ ಕುಣಿಯುವ ಆಟದ್ದು ಬೇಡ, ಕೂತು ಹಾಡಿ ಮಾತಾಡುವ ತಾಳಮದ್ದಲೆಯದ್ದೇ ಬೇಕು. ಹನ್ನೊಂದು ಪದ್ಯ ಸಿಕ್ಕವು, ನಾಲ್ವರು ಭಾಗವತರು ಹಾಡಿದ್ದು. ಹುಡುಕಲು ಅರ್ಧ ನಿಮಿಷ ಹಿಡಿದಿರಬಹುದು. ಚಾ ಬರುವುದರೊಳಗೆ ಅವರು ಮೂರನೇ ಪದ್ಯ ಕೇಳುತ್ತಿದ್ದರು.

ಇದೇ ಕೆಲಸಕ್ಕೆ ಹಣ ಕೇಳಿಕೊಂಡು ಐದಾರು ವರ್ಷದ ಹಿಂದೆ ಒಂದು ಸಂಸ್ಥೆಯ ಬಾಗಿಲಿಗೆ ಮೂರು ಸಲ ಹೋಗಿದ್ದೆ. ಫೈಲು ಮೂರು ಸಲವೂ ವಾಪಸು ಬಂತು. ಸಮಿತಿಯಲ್ಲಿದ್ದವರೊಬ್ಬರು, ಎಲ್ಲವೂ ಯೂಟ್ಯೂಬಿನಲ್ಲಿ ಇರುವಾಗ ಇದಕ್ಕೆ ಹಣ ಯಾಕೆ ಎಂದು ಕೇಳಿದರು. ಮನೆಯಲ್ಲೂ ಅದೇ ಮಾತು. ‘ಯೂಟ್ಯೂಬಲ್ಲಿ ಎಲ್ಲಾ ಇದ್ದಲಾ ಭಾವ, ನಿಂಗೆಂತಕ್ಕೆ ಈ ಉಪದ್ವ್ಯಾಪ?’ ಯೂಟ್ಯೂಬಿನಲ್ಲಿ ಇರುವುದು ಇಡೀ ರಾತ್ರಿಯ ಆಟ, ಒಂದು ತಲೆಬರಹ, ಒಂದು ಫೋಟೊ. ಯಾವ ಊರು, ಯಾವ ವರ್ಷ, ಮದ್ದಲೆಗೆ ಯಾರು, ಚಂಡೆಗೆ ಯಾರು, ಯಾವ ಪದ್ಯ ಎಷ್ಟನೇ ನಿಮಿಷಕ್ಕೆ ಎಂಬುದು ಇರುವುದು ತೀರಾ ಅಪರೂಪ. ಇವತ್ತು ಇದ್ದದ್ದು ನಾಳೆ ತೆಗೆದುಹಾಕಿರುತ್ತಾರೆ. ಅದನ್ನು ಇಟ್ಟುಕೊಂಡು ಪಾಠ ಮಾಡಬಹುದು, ಪ್ರಬಂಧ ಬರೆಯಲಿಕ್ಕಾಗುವುದಿಲ್ಲ.

ನಾನು ಶುರು ಮಾಡಿದ್ದು 2019ರ ಆಗಸ್ಟಿನ ನೆರೆಯ ನಂತರ. ಗಂಗಾವಳಿ ದಂಡೆಯಲ್ಲಿ ಪರಿಚಯದವರ ಮನೆಗೆ ನೀರು ನುಗ್ಗಿ ಎರಡು ಟ್ರಂಕು ಕ್ಯಾಸೆಟ್ ಕೆಸರಾಯಿತು. ‘ಮಳೆಗಾಲ ಮುಗಿದ ಮೇಲೆ ಬಂದು ಒಯ್ಯುತ್ತೇನೆ’ ಎಂದು ನಾನೇ ಹೇಳಿದ್ದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮೊದಲ ವರ್ಷ ಪೂರ್ತಿ ಹಾಳು. 1,800 ರೂಪಾಯಿಯ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತರಿಸಿದೆ. ಎಳೆದ ಸ್ವರ ನಡುಗುತ್ತಿತ್ತು, ಮೋಟರಿನ ಸದ್ದು ಸೇರಿಕೊಳ್ಳುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಸದ್ದು ಕಡಿಮೆ ಮಾಡುವ ಫಿಲ್ಟರ್ ಹಾಕಿ ಸುಮಾರು 200 ಕ್ಯಾಸೆಟ್ ‘ಚೊಕ್ಕ’ ಮಾಡಿದೆ, ಎಂಪಿ3 ಮಾಡಿದೆ, ಜಾಗ ಸಾಲದೆ ಮೂಲ ಫೈಲು ಅಳಿಸಿದೆ. ಆಮೇಲೆ ಮದ್ದಲೆಗಾರರೊಬ್ಬರಿಗೆ ಕೇಳಿಸಿದರೆ, ಭಾಗವತರ ಕೈತಾಳದ ಕೊನೆಯ ನಾದ ಎಲ್ಲಿ ಹೋಯಿತು ಎಂದರು. ಫಿಲ್ಟರ್ ಅದನ್ನು ಕಸವೆಂದು ಗುಡಿಸಿತ್ತು. 200ನ್ನೂ ಮತ್ತೆ ಮಾಡಿದೆ, ಎರಡೂವರೆ ತಿಂಗಳು. ಈಗ ಮೂಲ ಫೈಲಿಗೆ ಏನನ್ನೂ ಮಾಡುವುದಿಲ್ಲ. 24 ಬಿಟ್, 96 ಕಿಲೋಹರ್ಟ್ಸ್ ವೇವ್, ಒಂದು ಗಂಟೆಗೆ 2 ಜಿಬಿ ಚಿಲ್ಲರೆ. ಕೇಳುವುದಕ್ಕೆ ಬೇರೆ ಸಣ್ಣ ಪ್ರತಿ.

ಹುಬ್ಬಳ್ಳಿಯಲ್ಲಿ ಹಳೆಯ ಮೂರು ಹೆಡ್ಡಿನ ಡೆಕ್ 6,500ಕ್ಕೆ ಸಿಕ್ಕಿತು. ಬೆಲ್ಟು, ಪಿಂಚ್ ರೋಲರ್ ಬದಲಾಯಿಸಲು ಇನ್ನೆರಡು ಸಾವಿರ. ಸೌಂಡ್ ಇಂಟರ್ಫೇಸ್ ಹತ್ತು ಸಾವಿರದ ಹತ್ತಿರ. ಬೂಸು ಹಿಡಿದ ಕ್ಯಾಸೆಟ್ಟಿಗೆಂದೇ ಬೇರೆ ಡೆಕ್, 3,000. ಈ ಎರಡನೇ ಡೆಕ್ ದಂಡ ಎಂದವರಿಗೆ ನನ್ನ ಉತ್ತರ ಇಷ್ಟೇ: ಬೂಸಿನ ಟೇಪು ಓಡಿದ ಡೆಕ್ಕಿನಲ್ಲಿ ಒಳ್ಳೆ ಟೇಪು ಹಾಕಿದರೆ ಅದಕ್ಕೂ ಹತ್ತುತ್ತದೆ. ಹಾರ್ಡ್ ಡಿಸ್ಕ್, ಯುಪಿಎಸ್, ಸಿಲಿಕಾ ಜೆಲ್, ಓಡಾಟದ ಪೆಟ್ರೋಲು ಎಲ್ಲ ಸೇರಿ ಇಲ್ಲಿಯವರೆಗೆ ಒಂದೂಮುಕ್ಕಾಲು ಲಕ್ಷ ಆಗಿರಬೇಕು. ಅದರಲ್ಲಿ ನಲವತ್ತು ಸಾವಿರ ಊರವರು, ನೆಂಟರು ಕೊಟ್ಟದ್ದು. ಉಳಿದದ್ದು ಅಡಿಕೆಯದ್ದು.

ಬೂಸಿನ ವಿಷಯದಲ್ಲಿ ನಮ್ಮ ಸೀಮೆಯ ಒಂದು ಸಂಗತಿ ಹೇಳಲೇಬೇಕು. ನಡುಮನೆಯ ಗಾಜಿನ ಶೋಕೇಸಿನಲ್ಲಿ ಚಂದಕ್ಕೆ ಜೋಡಿಸಿಟ್ಟ ಕ್ಯಾಸೆಟ್ಟುಗಳಲ್ಲಿ ಅರ್ಧಕ್ಕರ್ಧ ಬಿಳಿ ಬೂಸು. ಅದೇ ಮನೆಯ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಡಬ್ಬಿ ಮಸಿ ಹಿಡಿದು ಹೆಸರು ಓದಲಾಗದಂತಾದವು, ಒಳಗಿನ ಟೇಪು ಮಾತ್ರ ಹೊಸದರಂತೆ. ನಾಲ್ಕು ತಿಂಗಳ ಮಳೆಯಲ್ಲಿ ಮನೆಯಲ್ಲಿ ಒಣಗಿದ ಜಾಗ ಅದೊಂದೇ. ಹೊನ್ನಾವರ, ಕುಮಟಾ ಕಡೆ ಇದಕ್ಕೆ ಉಪ್ಪುಗಾಳಿ ಬೇರೆ ಸೇರುತ್ತದೆ. ಡಬ್ಬಿಯ ಸ್ಕ್ರೂ ತುಕ್ಕು ಹಿಡಿದು ಬಿಚ್ಚಲಿಕ್ಕಾಗುವುದಿಲ್ಲ, ಟೇಪನ್ನು ಹೆಡ್ಡಿಗೆ ಒತ್ತುವ ಪ್ಯಾಡು ಕಳಚಿ ಬಿದ್ದಿರುತ್ತದೆ. ಅಂಥ ಟೇಪನ್ನು ಹೊರತೆಗೆದು ಹೊಸ ಡಬ್ಬಿಗೆ ಕಸಿ ಮಾಡಬೇಕು. ಸಿಲಿಕಾ ಬದಲು ಹುರಿದ ಅಕ್ಕಿ ಗಂಟು ಕಟ್ಟಿ ಇಟ್ಟು ನೋಡಿದೆ. ತೇವ ಎಳೆಯಿತು, ಇರುವೆಯನ್ನೂ ಎಳೆಯಿತು. ಬಿಟ್ಟೆ.

ಡೆಕ್ಕಿನ ಹೆಡ್ಡಿನ ಓರೆ ಸರಿಮಾಡುವ ಅಜಿಮತ್ ಸ್ಕ್ರೂ ಪ್ರತಿ ಕ್ಯಾಸೆಟ್ಟಿಗೂ ತಿರುಗಿಸಬೇಕು, ಇದರಲ್ಲಿ ಸೋಮಾರಿತನ ಕೂಡದು. ಎರಡೂ ಚಾನೆಲ್ ಒಂದು ಮಾಡಿ ಭಾಗವತರ ಕೈತಾಳದ ಸದ್ದು ಎಲ್ಲಿ ಅತಿ ಚೂಪಾಗುತ್ತದೋ ಅಲ್ಲಿ ನಿಲ್ಲಿಸುವುದು. ಮೀಟರಿಗಿಂತ ತಾಳವೇ ಒಳ್ಳೆಯ ಗುರುತು.

ಇನ್ನು ಶ್ರುತಿಯ ಕತೆ. ನನಗೆ ಅತಿ ಹೆಚ್ಚು ನಿದ್ದೆ ಕೆಡಿಸಿದ್ದು ಇದು. ಮನೆಯೊಳಗೆ ಕರೆಂಟಿನಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟಿನ ತಳದಲ್ಲಿ ಒಂದು ಗುಂಯ್ ಸದ್ದು ಇರುತ್ತದೆ. ಕರೆಂಟಿನ ಆವರ್ತನದ ಲೆಕ್ಕದಲ್ಲಿ ಅದು 50 ಹರ್ಟ್ಸ್ ಇರಬೇಕು. 48 ಕಂಡರೆ ಟೇಪು ನಿಧಾನ ಓಡುತ್ತಿದೆ, ಅಷ್ಟು ವೇಗ ಏರಿಸಿದರೆ ಸರಿ. ಈ ಲೆಕ್ಕದ ಮೇಲೆ ಎಂಬತ್ತು ತಾಳಮದ್ದಲೆ ಸರಿಪಡಿಸಿದೆ. ಒಬ್ಬ ಹಿರಿಯ ಭಾಗವತರಿಗೆ ಅವರದ್ದೇ ಪದ್ಯ ಕೇಳಿಸಿದಾಗ ನನ್ನ ಕಂಪ್ಯೂಟರ್ ಶ್ರುತಿ ಹೆಚ್ಚುಕಡಿಮೆ ಬಿಳಿ ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆ, ಎನ್ನುತ್ತಿತ್ತು. ಅವರು ತಲೆ ಅಲ್ಲಾಡಿಸಿದರು. ‘ತಮಾ, ಆ ಪೆಟ್ಟಿಗೆ ಕಪ್ಪು ಒಂದು. ನಿನ್ನ ಮಶೀನು ಸುಳ್ಳು ಹೇಳ್ತು.’

ಅವರ ಮಾತೇ ನಿಜವಾಗಿತ್ತು. 2003ರಲ್ಲಿ ದಕ್ಷಿಣದ ಗ್ರಿಡ್ಡಿಗೆ, ಆವರ್ತನ ಇಳಿದಾಗ ಹೆಚ್ಚು ಎಳೆದವರಿಗೆ ಹೆಚ್ಚು ದರ ಹಾಕುವ ಹೊಸ ಪದ್ಧತಿ ಬರುವ ಮೊದಲು ನಮ್ಮ ಕರೆಂಟಿನ ಆವರ್ತನವೇ 50ರಲ್ಲಿ ನಿಲ್ಲುತ್ತಿರಲಿಲ್ಲ, ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ 48ರ ಆಸುಪಾಸಿಗೆ ಇಳಿಯುತ್ತಿತ್ತು. ಸರಿಯಾಗಿಯೇ ಇದ್ದ ಟೇಪನ್ನು ನಾನು ನೂರಕ್ಕೆ ನಾಲ್ಕರಷ್ಟು ಹೆಚ್ಚು ವೇಗದಲ್ಲಿ ಓಡಿಸಿದ್ದೆ. ಅದು ಹಾರ್ಮೋನಿಯಂನ ಮುಕ್ಕಾಲು ಮನೆಯಷ್ಟು ಶ್ರುತಿ ಏರಿಸಲು ಸಾಕು. ಎಂಬತ್ತನ್ನೂ ಮತ್ತೆ ತೆಗೆದೆ. ಈಗ ಗುಂಯ್ ಸದ್ದನ್ನು ಸಾಕ್ಷಿ ಎಂದು ಮಾತ್ರ ನೋಡುತ್ತೇನೆ. ತೀರ್ಪು ಹಾರ್ಮೋನಿಯಂ ಪೆಟ್ಟಿಗೆಯದ್ದು. ಆ ಕಾಲದ ಪೆಟ್ಟಿಗೆಗಳು ಇನ್ನೂ ಕೆಲವು ಮನೆಯಲ್ಲಿವೆ. ಹೋಗಿ ಪೆಟ್ಟಿಗೆಯ ಒಂದೊಂದೇ ಮನೆ ಒತ್ತಿ ಶ್ರುತಿ ಅಳೆದುಕೊಂಡು ಬಂದಿದ್ದೇನೆ, ಒಟ್ಟು ಏಳು ಪೆಟ್ಟಿಗೆ.

ಬಯಲಾಟದ ಕ್ಯಾಸೆಟ್ಟಿನ ರೋಗ ಬೇರೆ. ಅವು ಸೆಲ್ ಹಾಕಿ ರೆಕಾರ್ಡ್ ಮಾಡಿದ್ದು. ಬೆಳಗಿನ ಜಾವ ಸೆಲ್ ಸೋತು ಮೋಟರು ನಿಧಾನವಾಗುತ್ತದೆ. ನಿಧಾನಕ್ಕೆ ತುಂಬಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಏರುತ್ತ ಹೋಗುತ್ತದೆ. ಒಬ್ಬಳು ವಿದ್ಯಾರ್ಥಿನಿ ‘ಬೆಳಗಾಗುತ್ತ ಭಾಗವತರು ಶ್ರುತಿ ಏರಿಸುತ್ತಾರೆ’ ಎಂದು ಒಂದು ಅಧ್ಯಾಯವನ್ನೇ ಬರೆದಿದ್ದಳು. ಶ್ರುತಿಯ ಜೊತೆಗೆ ಲಯವೂ, ವೇಷಧಾರಿಗಳ ಮಾತಿನ ದನಿಯೂ ಅದೇ ಅಳತೆಯಲ್ಲಿ ಏರಿದ್ದನ್ನು ತೋರಿಸಿದೆ. ಅಧ್ಯಾಯ ತೆಗೆದಳು. ಈ ಏರಿಕೆಯನ್ನು ಇಳಿಸಿ ಸಮ ಮಾಡಲು ನನ್ನದೊಂದು ವಿಧಾನ ಇದೆ. ಎರಡು ವರ್ಷ ತಿಣುಕಿ ಕಂಡುಕೊಂಡದ್ದು, ಇಲ್ಲಿ ಬರೆಯುವುದಿಲ್ಲ. ಕ್ಯಾಸೆಟ್ ಹಿಡಿದು ಬಂದವರಿಗೆ ಎದುರಿಗೇ ಮಾಡಿ ತೋರಿಸುತ್ತೇನೆ.

ಪಟ್ಟಿ ಮಾಡುವುದರಲ್ಲೂ ಎರಡು ಸಲ ಬಿದ್ದೆ. ಮೊದಲು ಒಬ್ಬ ಹುಡುಗನಿಂದ 800 ಕ್ಯಾಸೆಟ್ಟಿನ ವಿವರ ಟೈಪ್ ಮಾಡಿಸಿದೆ, ಎಲ್ಲ ನುಡಿ ಸಾಫ್ಟ್‌ವೇರಿನ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ಚಿತ್ರ ಹೊಂದಿಸಿದ್ದರಲ್ಲಿ. ಹುಡುಕಿದರೆ ಒಂದೂ ಸಿಗಲಿಲ್ಲ. ಯುನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ. ಹುಡುಗನಿಗೆ ಕೊಟ್ಟ 6,000 ದಂಡವಾದದ್ದು ಅವನ ತಪ್ಪಿನಿಂದಲ್ಲ, ಯುನಿಕೋಡಿನಲ್ಲೇ ಮಾಡು ಎಂದು ನಾನು ಹೇಳದೇ ಹೋದದ್ದರಿಂದ. ಎರಡನೆಯದಾಗಿ ಡಿಸ್ಪೇಸ್ ಎಂಬ ಡಿಜಿಟಲ್ ಸಂಗ್ರಹದ ಸಾಫ್ಟ್‌ವೇರ್ ಹಾಕಿಕೊಂಡೆ. ದೊಡ್ಡ ವಿಶ್ವವಿದ್ಯಾಲಯಗಳ ಪ್ರಬಂಧ ಇಡಲು ಅದು ಸರಿ. ನಮ್ಮನೆಯ ಹಳೆ ಕಂಪ್ಯೂಟರಿಗೆ ಭಾರ, ಪ್ರತಿ ಅಪ್ಡೇಟಿಗೂ ಬೆಂಗಳೂರಿಗೆ ಫೋನು. ಈಗ ಇರುವುದು ಗ್ರಂಥಾಲಯಗಳು ವಿವರ ಬರೆಯಲು ಬಳಸುವ ಡಬ್ಲಿನ್ ಕೋರ್ ಮಾದರಿಯ ಹದಿನೈದು ಕಾಲಂ, ಅದರ ಮೇಲೆ ನಮ್ಮದೇ ಎಂಟು ಕಾಲಂ, ಒಂದು ಸಾದಾ ಡೇಟಾಬೇಸು.

ಗೆದ್ದದ್ದು ಆ ಎಂಟು ಕಾಲಮ್ಮಿನಿಂದ. ಕ್ಯಾಸೆಟ್ಟನ್ನು ಘಟಕ ಮಾಡಿಕೊಂಡಷ್ಟು ದಿನ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಪಾಠ ಮಾಡುವವರಿಗೆ ಬೇಕಾದದ್ದು ಪದ್ಯ. ಪದ್ಯದ ಮೊದಲ ಸಾಲು, ರಾಗ, ತಾಳ, ಛಂದಸ್ಸು, ಶ್ರುತಿ, ಹಿಮ್ಮೇಳ, ಸಂದರ್ಭ, ಶುರು ಮತ್ತು ಕೊನೆಯ ನಿಮಿಷ. ಫೈಲನ್ನು ಕತ್ತರಿಸುವುದಿಲ್ಲ, ನಿಮಿಷ ಮಾತ್ರ ಗುರುತು. ಅರ್ಥಗಾರಿಕೆ, ಅಂದರೆ ಪದ್ಯದ ಮೇಲಿನ ಮಾತು, ಬೇಕಾದವರಿಗೆ ಪದ್ಯದ ಹಿಂದುಮುಂದೆ ಹಾಗೇ ಇರುತ್ತದೆ. ಒಂದು ಗಂಟೆಯ ಟೇಪಿಗೆ ಗುರುತು ಹಾಕಲು ಎರಡು ಗಂಟೆ ಬೇಕು. 1,150 ಕ್ಯಾಸೆಟ್, 9,000 ಪದ್ಯದ ಹತ್ತಿರ ಬಂದಿದೆ.

ರಾಗದ ಕಾಲಮ್ಮಿನಲ್ಲೇ ಅದು ಯಕ್ಷಗಾನದ್ದೋ, ಹಿಂದೂಸ್ತಾನಿಯದ್ದೋ, ಕರ್ನಾಟಕಿಯದ್ದೋ ಎಂಬ ಪದ್ಧತಿಯ ಹೆಸರನ್ನೂ ಅಂಟಿಸಲೇಬೇಕು. ನಮ್ಮ ಜಿಲ್ಲೆಯಲ್ಲಿ ಯಕ್ಷಗಾನವೂ ಇದೆ, ಹಾಸಣಗಿ ಗಣಪತಿ ಭಟ್ಟರಂಥ ಹಿಂದೂಸ್ತಾನಿ ಗಾಯಕರೂ ಇದ್ದಾರೆ. ನನ್ನ ಸಂಗ್ರಹದಲ್ಲಿ ಮನೆಮನೆ ಬೈಠಕ್ಕಿನ ಕ್ಯಾಸೆಟ್ಟೇ ನೂರೈವತ್ತು. ಬರೀ ‘ಭೈರವಿ’ ಎಂದು ಹುಡುಕಿದರೆ ಮೂರು ಬೇರೆ ಬೇರೆ ವಸ್ತು ಎದುರಿಗೆ ಬರುತ್ತವೆ. ಹಿಂದೂಸ್ತಾನಿ ಭೈರವಿಯ ಸ್ವರಗಳು ಕರ್ನಾಟಕಿಯ ತೋಡಿಗೆ ಹತ್ತಿರ, ಹಿಂದೂಸ್ತಾನಿ ತೋಡಿ ಕರ್ನಾಟಕಿಯ ಶುಭಪಂತುವರಾಳಿಗೆ ಹತ್ತಿರ, ಕರ್ನಾಟಕಿಯ ಹಿಂದೋಳ ಹಿಂದೂಸ್ತಾನಿಯ ಮಾಲಕಂಸ. ಯಕ್ಷಗಾನದ ಭೈರವಿ ಈ ಎರಡೂ ಪದ್ಧತಿಯ ಮಾತನ್ನು ಪೂರ್ತಿ ಕೇಳುವುದಿಲ್ಲ. ಅದಕ್ಕೆ ಭಾಗವತರು ಹೇಳಿದ ಹೆಸರನ್ನೇ ಬರೆಯುತ್ತೇನೆ, ನಾನು ತಿದ್ದುವುದಿಲ್ಲ. ಜಂಪೆ, ಝಂಪೆ, ತ್ರಿವುಡೆ, ತ್ರಿಪುಟ ಯಾವ ಕಾಗುಣಿತದಲ್ಲಿ ಕೇಳಿದರೂ ಸಿಗುವ ಹಾಗೆ ಹಿಂದೆ ಒಂದು ಪಟ್ಟಿ ಇದೆ.

ಹಕ್ಕಿನ ವಿಷಯದಲ್ಲಿ ಸಡಿಲ ಬಿಡಲಿಲ್ಲ. 1957ರ ಕಾಯ್ದೆಯಲ್ಲಿ ಹಾಡಿದವರ ಹಕ್ಕು 50 ವರ್ಷ, ಧ್ವನಿಮುದ್ರಣದ್ದು 60. ಪ್ರತಿ ಮನೆಯಿಂದಲೂ ಒಂದು ಹಾಳೆ: ಇಲ್ಲೇ ಕೂತು ಕೇಳಬಹುದೇ, ತರಗತಿಯಲ್ಲಿ ಹಾಕಬಹುದೇ, ಹೊರಗೆ ಕೊಡಬಹುದೇ. ಮೂರನೆಯದಕ್ಕೆ ಹೌದು ಎಂದವರು ಹತ್ತರಲ್ಲಿ ಒಬ್ಬರೂ ಇಲ್ಲ. ನಾಲ್ಕು ಮನೆಯವರು ಯಾವುದಕ್ಕೂ ಒಪ್ಪಲಿಲ್ಲ. ಅವರ ಕ್ಯಾಸೆಟ್ ಬೂಸು ತೆಗೆದು, ಡಿಜಿಟಲ್ ಪ್ರತಿಯನ್ನು ಅವರ ಕೈಗೇ ಕೊಟ್ಟು ಬಂದೆ.

ನಡುವೆ ಹಾದಿ ತಪ್ಪಿ ಅಂಕೋಲೆ ಕಡೆ ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡಿಗೂ ಹೋದೆ. ಆ ಹಾಡುಗಳ ಹಿರಿಯ ಗಾಯಕಿ ಪದ್ಮಶ್ರೀ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡ ಮೇಲೆ ಆ ಕೆಲಸ ಮುಂದೂಡುವ ಧೈರ್ಯ ಬರಲಿಲ್ಲ. ಹಳೆಯ ಕ್ಯಾಸೆಟ್ಟಿನ ಗುಮಟೆಗೂ (ಮಣ್ಣಿನ ಗಡಿಗೆಗೆ ಚರ್ಮ ಕಟ್ಟಿದ ವಾದ್ಯ) ಈಗಿನದಕ್ಕೂ ನಾದ ಬೇರೆ. ಮೊದಲು ಉಡದ ಚರ್ಮ ಕಟ್ಟುತ್ತಿದ್ದರು, ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಈಗ ಆಡಿನ ಚರ್ಮ. ಎರಡನ್ನೂ ನಾದವನ್ನು ಚಿತ್ರವಾಗಿ ತೋರಿಸುವ ಸೋನಿಕ್ ವಿಶುವಲೈಸರಿನಲ್ಲಿ ಹಾಕಿ ನೋಡುತ್ತಿದ್ದೇನೆ. ಮೈಕ್ ಬೇರೆ, ಜಾಗ ಬೇರೆ, ಇನ್ನೂ ಏನನ್ನೂ ಖಂಡಿತ ಹೇಳುವ ಹಂತಕ್ಕೆ ಬಂದಿಲ್ಲ.

ಎಲ್ಲದಕ್ಕೂ ಮೂರು ಪ್ರತಿ: ಒಂದು ಇಲ್ಲಿ, ಒಂದು ಕುಮಟೆಯಲ್ಲಿ, ಒಂದು ಧಾರವಾಡದಲ್ಲಿ. ವರ್ಷಕ್ಕೆರಡು ಸಲ ಚೆಕ್‌ಸಮ್ ತಾಳೆ ನೋಡುತ್ತೇನೆ, ಫೈಲು ಕೆಟ್ಟಿದ್ದರೆ ಆ ಸಂಖ್ಯೆ ಬದಲಾಗಿರುತ್ತದೆ. ಒಂದು ಸಲ ಹನ್ನೆರಡು ಫೈಲು ಕೆಟ್ಟಿದ್ದು ಹಾಗೇ ಗೊತ್ತಾಯಿತು, ಕುಮಟೆಯಿಂದ ತಂದು ತುಂಬಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕ್ಯಾಸೆಟ್ಟಿನ ಪೆಟ್ಟಿಗೆ ತೆರೆಯುವುದೇ ಇಲ್ಲ, ಪದ್ಯದ ಗುರುತು ಹಾಕುವ ಕೆಲಸ ಮಾತ್ರ.

ಹಿಂದೆ ಫೈಲು ವಾಪಸು ಕಳಿಸಿದ ಸಂಸ್ಥೆಯಿಂದಲೇ ಈಗ ಎಂ.ಎ. ವಿದ್ಯಾರ್ಥಿಗಳು ಎರಡು ಸೆಮಿಸ್ಟರಿನಿಂದ ಬರುತ್ತಿದ್ದಾರೆ. ಹಣ ತೆಗೆದುಕೊಳ್ಳುವುದಿಲ್ಲ. ಬಂದವರು ಇಪ್ಪತ್ತು ಪದ್ಯಕ್ಕೆ ಗುರುತು ಹಾಕಿ ಹೋಗಬೇಕು, ಅದು ನಿಯಮ. ಹೋದ ತಿಂಗಳ ಆ ಇಬ್ಬರು ಮಧ್ಯಾಹ್ನ ಊಟ ಮಾಡಿ ಕೂತವರು ದೀಪ ಹಚ್ಚುವ ಹೊತ್ತಿಗೆ ಮೂವತ್ತೈದು ಮುಗಿಸಿದ್ದರು. ಕಾರ್ತಿಕದಲ್ಲಿ ಇಡಗುಂಜಿ ಹತ್ತಿರದ ಒಂದು ಮನೆಯಿಂದ ಅರವತ್ತು ಕ್ಯಾಸೆಟ್ ತರಬೇಕು. ಅಟ್ಟದ ಮೇಲಿವೆಯಂತೆ.