ಲಂಡನ್‌ನಿಂದ ಪ್ಯಾರಿಸ್‌ಗೆ ವಿಮಾನವೋ ರೈಲೋ?

ಲಂಡನ್, ಪ್ಯಾರಿಸ್ ಎರಡನ್ನೂ ಒಟ್ಟಿಗೆ ನೋಡಲು ಹೊರಟವರಿಗೆ ಒಂದು ಸಲಹೆ. ಇವೆರಡರ ನೇರ ದೂರ ಸುಮಾರು 340 ಕಿ.ಮೀ. ವಿಮಾನದಲ್ಲಿ ಒಂದೂಕಾಲು ಗಂಟೆ ಸಾಕು. ಆದರೆ ಅಷ್ಟನ್ನೇ ನೋಡಿ ಟಿಕೆಟ್ ತೆಗೆಯಬೇಡಿ.

ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣ ತಲುಪಲು ಮುಕ್ಕಾಲು ಗಂಟೆಯಾದರೂ ಬೇಕು. ಎರಡು ಗಂಟೆ ಮೊದಲೇ ಅಲ್ಲಿರಬೇಕು. ಪ್ಯಾರಿಸ್‌ನ ಷಾರ್ಲ್ ದ ಗೋಲ್ ನಿಲ್ದಾಣ ಊರಿಂದ 25 ಕಿ.ಮೀ. ಆಚೆಗಿದೆ. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಲಗೇಜು, ಮತ್ತೆ ಲೋಕಲ್ ರೈಲು. ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ಯೂರೋಸ್ಟಾರ್ ರೈಲು ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಹೊರಟು, ಸಮುದ್ರದಡಿಯ ಸುರಂಗ ದಾಟಿ, ಸುಮಾರು ಎರಡೂಕಾಲು ಗಂಟೆಯಲ್ಲಿ ಪ್ಯಾರಿಸ್ ಊರೊಳಗಿನ ಗಾರ್ ದು ನಾರ್ ತಲುಪುತ್ತದೆ. ಫ್ರಾನ್ಸಿನ ಪಾಸ್‌ಪೋರ್ಟ್ ತಪಾಸಣೆ ಲಂಡನ್‌ನಲ್ಲೇ ಮುಗಿಯುತ್ತದೆ. ಇಳಿದವರು ಸೀದಾ ಮೆಟ್ರೋ ಹತ್ತಬಹುದು. ಎರಡು ಸೂಟ್‌ಕೇಸ್‌ಗೆ ಬೇರೆ ದುಡ್ಡೂ ಇಲ್ಲ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ರೈಲೇ ಆರಾಮ. ಒಂದೂವರೆ ಗಂಟೆ ಮೊದಲು ನಿಲ್ದಾಣದಲ್ಲಿರಿ. ಟಿಕೆಟ್ ಆದಷ್ಟು ಬೇಗ ತೆಗೆದಿಡಿ, ದಿನ ಹತ್ತಿರವಾದಷ್ಟೂ ದರ ಜಾಸ್ತಿ.

ಪ್ಯಾರಿಸ್ ಗಡಿಯಾರ ಲಂಡನ್‌ಗಿಂತ ಒಂದು ಗಂಟೆ ಮುಂದೆ. 10:00ಕ್ಕೆ ಹೊರಟು 12:20ಕ್ಕೆ ಇಳಿಯುವ ವಿಮಾನದ ಪ್ರಯಾಣ 1 ಗಂಟೆ 20 ನಿಮಿಷ ಮಾತ್ರ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯವೇ ಇರುತ್ತದೆ, ಗಾಬರಿಯಾಗಬೇಡಿ.

ಇನ್ನೊಂದು ಮುಖ್ಯ ವಿಷಯ ವೀಸಾ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ ವೀಸಾ ಬೇರೆ, ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾ ಬೇರೆ. ಟಿಕೆಟ್‌ಗೆ ಮೊದಲು ಎರಡನ್ನೂ ನೋಡಿಕೊಳ್ಳಿ.