ಕಾಟನ್ ಪರದೆ: ಮೊದಲು ಒಗೆಯಿರಿ, ಆಮೇಲೆ ಕತ್ತರಿ ಹಾಕಿ

ಸಾಮಾನು ಕಡಿಮೆ ಇರುವ ಮನೆಯಲ್ಲಿ ಕಣ್ಣಿಗೆ ಬೀಳುವ ಎಲ್ಲಕ್ಕಿಂತ ದೊಡ್ಡ ಬಟ್ಟೆ ಅಂದರೆ ಪರದೆಯೇ. ಗೋಡೆ ಖಾಲಿ, ನೆಲ ಖಾಲಿ, ಹಾಗಾಗಿ ನೋಟ ಸೀದಾ ಕಿಟಕಿಗೆ ಹೋಗುತ್ತದೆ. ಸಾಮಾನು ತುಂಬಿದ ಕೋಣೆಯಲ್ಲಿ ಪರದೆ ಎರಡು ಬೆರಳು ಗಿಡ್ಡ ಆದರೂ ಯಾರಿಗೂ ಗೊತ್ತಾಗುವುದಿಲ್ಲ, ಖಾಲಿ ಕೋಣೆಯಲ್ಲಿ ಅದೇ ಎದ್ದು ಕಾಣುತ್ತದೆ. ಅದಕ್ಕೇ ಬಣ್ಣದ ಮಾತು ಆಮೇಲೆ. ಮೊದಲು ಅಳತೆ.

ರಾಡ್ ಹಾಕದೆ ಅಳತೆ ತೆಗೆಯಬೇಡಿ. ಕಿಟಕಿಯ ಚೌಕಟ್ಟಿನಿಂದ 10–15 ಸೆಂ.ಮೀ. ಮೇಲೆ, ಎರಡೂ ಪಕ್ಕಕ್ಕೆ 15–20 ಸೆಂ.ಮೀ. ಜಾಸ್ತಿ ಬರುವ ಹಾಗೆ ರಾಡ್ ಹಾಕಿಸಿ. ಪರದೆ ಸರಿಸಿದಾಗ ಬಟ್ಟೆಯೆಲ್ಲ ಗೋಡೆಯ ಮೇಲೆ ಹೋಗಿ ಕೂರುತ್ತದೆ, ಗಾಜು ಪೂರ್ತಿ ತೆರೆದುಕೊಂಡು ಬೆಳಕು ಚೆನ್ನಾಗಿ ಬರುತ್ತದೆ. ಅಳೆಯಲು ಸ್ಟೀಲ್ ಟೇಪು ಬಳಸಿ. ರಾಡಿನಿಂದ ನೆಲದವರೆಗೆ ಎಡ, ಬಲ, ನಡುವೆ ಹೀಗೆ ಮೂರು ಕಡೆ ಅಳೆಯಿರಿ, ಏಕೆಂದರೆ ಎಷ್ಟೋ ಮನೆಗಳಲ್ಲಿ ನೆಲ ಸಮ ಇರುವುದಿಲ್ಲ. ಮೂರರಲ್ಲಿ ಕಡಿಮೆ ಇರುವುದನ್ನು ಹಿಡಿದು, ಅದರಲ್ಲಿ 1 ಸೆಂ.ಮೀ. ಕಳೆಯಿರಿ. ಅದೇ ನಿಮ್ಮ ಉದ್ದ. ಕಿಟಕಿಯ ಕೆಳಗೆ ಮೇಜು ಇದ್ದರೆ ಕಟ್ಟೆಯವರೆಗೆ ಸಾಕು. ಕಟ್ಟೆಗೂ ನೆಲಕ್ಕೂ ನಡುವೆ ಎಲ್ಲೋ ನಿಲ್ಲುವ ಪರದೆ ಮಾತ್ರ ಬೇಡವೇ ಬೇಡ.

ಅಗಲಕ್ಕೆ ಲೆಕ್ಕ ಸುಲಭ. ದಪ್ಪ ಬಟ್ಟೆಯಾದರೆ ರಾಡಿನ ಒಂದೂವರೆ ಪಟ್ಟು, ತೆಳ್ಳಗಿದ್ದರೆ ಎರಡು ಪಟ್ಟು. ಅಂದರೆ 180 ಸೆಂ.ಮೀ. ರಾಡಿಗೆ ಎರಡೂ ಭಾಗ ಸೇರಿ 270ರಿಂದ 360 ಸೆಂ.ಮೀ. ಬೇಕು. ಬಟ್ಟೆ ಉಳಿಸಲು ಹೋಗಿ ರಾಡಿನಷ್ಟೇ ಅಗಲ ತೆಗೆದುಕೊಂಡರೆ ನೆರಿಗೆಯೇ ಬೀಳುವುದಿಲ್ಲ, ಒಣಹಾಕಿದ ಹೊದಿಕೆಯ ಹಾಗೆ ಕಾಣುತ್ತದೆ.

ಈಗ ಬಟ್ಟೆ. ಕಾಟನ್ನಿನ ತೂಕವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. 60–100 ಇದ್ದರೆ ತೆಳು, ಬೆಳಕು ಸೋಸಿ ಬರುತ್ತದೆ. ಹಾಲ್‌ಗೂ ಓದುವ ಕೋಣೆಗೂ 150–200 ಚೆನ್ನಾಗಿ ಹೊಂದುತ್ತದೆ. 250 ದಾಟಿದರೆ ಕ್ಯಾನ್ವಾಸ್ ಥರ ಬಿರುಸು, ನೆರಿಗೆ ಬಾಗದೆ ಸೆಟೆದು ನಿಲ್ಲುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಹಿಂದೆ ಕೈ ಇಡಿ. ಬೆರಳು ಎಣಿಸುವಷ್ಟು ಕಂಡರೆ, ರಾತ್ರಿ ಒಳಗೆ ದೀಪ ಹಾಕಿದಾಗ ಹೊರಗಿನವರಿಗೆ ನೀವೂ ಕಾಣುತ್ತೀರಿ. ಮಲಗುವ ಕೋಣೆಗೆ ಅಂಥದ್ದು ಬೇಕೆಂದರೆ ಹಿಂದೆ ಕಾಟನ್ನಿನದೇ ಒಂದು ಲೈನಿಂಗ್ ಕೊಡಿಸಿ. ಇನ್ನೊಂದು ಪರೀಕ್ಷೆ: ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಸೆಕೆಂಡ್ ಹಿಂಡಿ ಬಿಡಿ. ಸುಕ್ಕು ನಿಧಾನವಾಗಿ ಸಡಿಲವಾದರೆ ಸರಿ. ಕಾಗದದ ಮಡಿಕೆಯ ಹಾಗೆ ಚೂಪಾಗಿ ಉಳಿದರೆ ಪ್ರತಿ ಸಲ ಇಸ್ತ್ರಿ ಮಾಡುತ್ತಾ ಕೂರಬೇಕಾಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ನನಗೆ ಇಷ್ಟ ಬಣ್ಣ ಹಾಕದ, ಬ್ಲೀಚ್ ಮಾಡದ ಕಾಟನ್. ಹತ್ತಿರದಿಂದ ನೋಡಿ, ಹತ್ತಿ ಬೀಜದ ಸಿಪ್ಪೆಯ ಸಣ್ಣ ಸಣ್ಣ ಕಂದು ಚುಕ್ಕೆಗಳು ನೇಯ್ಗೆಯಲ್ಲೇ ಸೇರಿಕೊಂಡಿರುತ್ತವೆ, ಅಲ್ಲಲ್ಲಿ ದಾರ ಸ್ವಲ್ಪ ಉಬ್ಬಿರುತ್ತದೆ. ಬಿಸಿಲು ಬಿದ್ದಾಗ ಅದೆಲ್ಲ ಕಾಣುತ್ತದೆ, ಬೇರೆ ಚಿತ್ತಾರ ಬೇಕು ಅನಿಸುವುದೇ ಇಲ್ಲ. ಗಾಢ ಬಣ್ಣದ ಪರದೆ ಬಿಸಿಲಿಗೆ ನೆರಿಗೆಯ ಅಂಚಿನಲ್ಲಿ ಮೊದಲು ಮಾಸುತ್ತದೆ, ಗೆರೆ ಗೆರೆಯಾಗಿ ಕಾಣುತ್ತದೆ. ಅಚ್ಚ ಬಿಳಿ ಚಂದವೇ, ಆದರೆ ಗೋಡೆ ಕೆನೆ ಬಣ್ಣದ್ದಾಗಿದ್ದರೆ ಅದರ ಪಕ್ಕದಲ್ಲಿ ಗೋಡೆಯೇ ಕೊಳೆಯಾದಂತೆ ಕಾಣುತ್ತದೆ. ಒಂದು ತುಂಡು ತಂದು ಗೋಡೆಗೆ ಅಂಟಿಸಿ, ಬೆಳಗ್ಗೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ.

ಇನ್ನು ಒಗೆಯುವ ಮಾತು. ದಯವಿಟ್ಟು ಇದನ್ನು ಬಿಡಬೇಡಿ. ನೇಯುವಾಗ ದಾರವನ್ನು ಬಿಗಿಯಾಗಿ ಎಳೆದಿರುತ್ತಾರೆ, ನೀರು ತಾಗಿದ ಕೂಡಲೇ ಅದು ಸಡಿಲವಾಗಿ ಬಟ್ಟೆ ಕುಗ್ಗುತ್ತದೆ. ಕಾಟನ್ ಮೊದಲ ಒಗೆತಕ್ಕೆ ಶೇ 3–5ರಷ್ಟು ಕುಗ್ಗುವುದು ಮಾಮೂಲು, ಸಡಿಲ ನೇಯ್ಗೆಯಾದರೆ ಇನ್ನೂ ಜಾಸ್ತಿ. ನಾನು ಮೊದಲ ಸಲ ಒಗೆಯದೆ ಹೊಲಿಸಿದ್ದೆ. ನೆಲ ಮುಟ್ಟುತ್ತಿದ್ದ 250 ಸೆಂ.ಮೀ. ಪರದೆ, ಒಗೆದು ನೇತುಹಾಕಿದಾಗ ಅರ್ಧ ಗೇಣು ಮೇಲಿತ್ತು. ಅಂಚು ಬಿಚ್ಚೋಣ ಅಂದರೆ ಒಳಗೆ ಬಟ್ಟೆಯೇ ಬಿಟ್ಟಿರಲಿಲ್ಲ. ತುಂಬಾ ಬೇಜಾರಾಯಿತು. ಹಾಗಾಗಿ ಉದ್ದಕ್ಕೆ ಶೇ 10ರಷ್ಟು ಜಾಸ್ತಿ ಕೊಳ್ಳಿ, ಕೆಳಗಿನ ಅಂಚಿಗೆ 20 ಸೆಂ.ಮೀ. ಬೇರೆ ಇಡಿ, ಮೇಲಿನ ಮಡಿಕೆಗೆಷ್ಟು ಅಂತ ಹೊಲಿಯುವವರನ್ನು ಕೇಳಿ ಸೇರಿಸಿ. ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಈಗಲೂ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿ. ನೇರ ಗೆರೆ ಬೇಕಾದರೆ ಅಡ್ಡ ದಾರ ಒಂದನ್ನು ಹಿಡಿದು ಮೆಲ್ಲಗೆ ಎಳೆಯಿರಿ. ದಾರ ಬಂದ ಜಾಗದಲ್ಲಿ ಸಣ್ಣ ಗೆರೆ ಮೂಡುತ್ತದೆ, ಅದರ ಮೇಲೇ ಕತ್ತರಿ ಓಡಿಸಿ.

ಮೇಲ್ಭಾಗಕ್ಕೆ ರಾಡ್ ತೂರಿಸಲು ಹಿಂದೆ ಅಡಗುವ ಪಟ್ಟಿ ಹೊಲಿಸಿದರೆ ನೋಡಲು ಶುಭ್ರವಾಗಿರುತ್ತದೆ. ಐಲೆಟ್, ಅಂದರೆ ರಾಡ್ ತೂರುವ ಬಳೆ ಕೂರಿಸಿದ ತೂತು, ಹಾಕಿಸುವುದಾದರೆ ಸಮ ಸಂಖ್ಯೆಯಲ್ಲಿರಲಿ, ಆಗ ಎರಡೂ ಅಂಚು ಗೋಡೆಯ ಕಡೆಗೇ ತಿರುಗುತ್ತವೆ. ಝಾಲರ್, ಕುಚ್ಚು ಏನೂ ಬೇಡ, ಸುಮ್ನೆ ನೇರವಾಗಿ ಇಳಿಯಲಿ.

ಕೆಳಗಿನ ಅಂಚನ್ನು ಮಾತ್ರ ಕೂಡಲೇ ಹೊಲಿಯಬೇಡಿ. 10 ಸೆಂ.ಮೀ. ಆಗುವ ಹಾಗೆ ಎರಡು ಸಲ ಮಡಚಿ ಪಿನ್ ಹಾಕಿ, ಪರದೆಯನ್ನು ರಾಡಿಗೆ ಏರಿಸಿ. ನೆರಿಗೆಗಳನ್ನು ಕೈಯಿಂದ ಮೇಲಿಂದ ಕೆಳಗೆ ಒಂದೊಂದಾಗಿ ಕೂರಿಸಿ, ಉಳಿದ ಬಟ್ಟೆಯ ಪಟ್ಟಿಯಿಂದ ಮೂರು ಕಡೆ ಸಡಿಲವಾಗಿ ಕಟ್ಟಿ, ಎರಡು ದಿನ ಹಾಗೇ ಬಿಡಿ. ತನ್ನ ಭಾರಕ್ಕೆ ಬಟ್ಟೆ ಸ್ವಲ್ಪ ಇಳಿಯುತ್ತದೆ, ನೆರಿಗೆಯೂ ಅಭ್ಯಾಸವಾಗುತ್ತದೆ. ಮೂರನೇ ದಿನ ಪಟ್ಟಿ ಬಿಚ್ಚಿ, ಬಗ್ಗಿ ನೋಡಿ: ನೆಲಕ್ಕೂ ಬಟ್ಟೆಗೂ ನಡುವೆ ಕಿರುಬೆರಳಿನ ದಪ್ಪದಷ್ಟು ಜಾಗ ಆ ತುದಿಯಿಂದ ಈ ತುದಿವರೆಗೆ ಒಂದೇ ಸಮ ಇದ್ದರೆ ಕೆಳಗಿಳಿಸಿ ಹೊಲಿಗೆ ಹಾಕಿ. ಎಲ್ಲಾದರೂ ಹೆಚ್ಚುಕಮ್ಮಿ ಕಂಡರೆ ಅಲ್ಲಿ ಪಿನ್ ಬದಲಿಸಿ ಇನ್ನೊಂದು ದಿನ ನೇತುಹಾಕಿ.